ಬೆಳೆಯುವ ಸಿರಿಗೆ ಮೊಳಕೆ ಯಾವುದು?

ಕನ್ನಡ ಕೂಟದ ಯುಗಾದಿ, ದೀಪಾವಳಿ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತ ತಾಯಂದಿರ ಮಾತು ಎಲ್ಲಿಂದ ಹೊರಟರೂ ಮಕ್ಕಳ ಅಂಕಗಳ ಬಳಿಗೇ ಬಂದು ನಿಲ್ಲುವುದು ಹೊರನಾಡಿನ ನಮಗೆಲ್ಲ ಅನುಭವವೇದ್ಯ. ಯಾರ ಮಗಳು ಪ್ರತಿಭಾವಂತರ ತರಗತಿಗೆ ಆಯ್ಕೆಯಾದಳು, ಯಾರ ಮಗ ಸ್ಪೆಲ್ಲಿಂಗ್ ಬೀ ಸ್ಪರ್ಧೆಯಲ್ಲಿ ಎಷ್ಟನೆಯ ಸುತ್ತಿಗೆ ಹೋದ ಎಂಬ ವಿಚಾರಣೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ; ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಈ ಮಗು ನಾಳೆ ನಾಲ್ಕು ಕಾಸು ಸಂಪಾದಿಸಿ ತನ್ನ ಕಾಲ ಮೇಲೆ ನಿಂತೀತೆ? 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂದ ಹಿರಿಯರು ಆ ಮೊಳಕೆ ಯಾವುದೆಂದು ಹೇಳಿಹೋಗಲಿಲ್ಲ.

ನಾನು ಕಲಾ ವಿಭಾಗದ ಪದವೀಧರೆ, ಗೃಹಿಣಿ. ಮನಶ್ಶಾಸ್ತ್ರದ ವಿಷಯದಲ್ಲಿ ಅಧಿಕಾರವಾಣಿಯಿಂದ ನುಡಿಯಲಾರೆ. ಆದರೆ ಮಿಷಿಗನ್ನಿನ ನಮ್ಮ ಮನೆಯಲ್ಲಿ 2006ರಲ್ಲಿ ನಡೆದ ಒಂದು ಸಂಗತಿ ನನ್ನನ್ನು ಈ ಓದಿಗೆ ಹಚ್ಚಿತು. ಹಿರಿಯ ಮಗಳು ಸುಲಭವಾಗಿ ದಾಟಿದ್ದ ಬುದ್ಧಿಪರೀಕ್ಷೆಯಲ್ಲಿ ಎಂಟು ವರ್ಷದ ಕಿರಿಯ ಮಗ ಹಿಂದೆ ಬಿದ್ದ. ಶಾಲೆಯ ಪತ್ರ ಬಂದ ಸಂಜೆ, "ಇವನು ಅಕ್ಕನ ಹಾಗಲ್ಲ ಬಿಡಿ" ಎಂದು ಯಜಮಾನರಿಗೆ ಹೇಳಿದೆ. ಹುಡುಗ ಮೆಟ್ಟಿಲ ಮೇಲೆ ಕುಳಿತಿದ್ದುದನ್ನು ಆಮೇಲೆ ಕಂಡೆ.

ಬುದ್ಧಿಯೇ ಭಾಗ್ಯದ ಬೀಜವೆಂಬ ನಂಬಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್. 1921ರಿಂದ ಆರಂಭಿಸಿ ಸುಮಾರು 1500 ಕುಶಾಗ್ರಮತಿ ಮಕ್ಕಳನ್ನು ಆಯ್ದು, ಅವರ ಬದುಕನ್ನು ದಶಕಗಳ ಕಾಲ ಗಮನಿಸಿದರು. ಒಟ್ಟಾರೆ ಆ ಮಕ್ಕಳು ದೇಶದ ಸರಾಸರಿಗಿಂತ ಹೆಚ್ಚು ಓದಿದರು, ಹೆಚ್ಚು ಗಳಿಸಿದರು. ಆದರೆ ಆ ಗುಂಪಿನ ಪುರುಷರಲ್ಲಿ ಅತ್ಯಂತ ಯಶಸ್ವಿಗಳನ್ನೂ ತೀರ ಹಿಂದುಳಿದವರನ್ನೂ ಹೋಲಿಸಿದಾಗ ಬುದ್ಧಿಯ ಅಳತೆಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅಂತರವಿದ್ದದ್ದು ಹಿಡಿದ ಕೆಲಸ ಬಿಡದ ಛಲದಲ್ಲಿ, ಗುರಿಯ ಸ್ಪಷ್ಟತೆಯಲ್ಲಿ, ಆತ್ಮವಿಶ್ವಾಸದಲ್ಲಿ. ಜೊತೆಗೆ ತಂದೆಯ ವಿದ್ಯಾಭ್ಯಾಸದಲ್ಲಿ. (ಆ ಗುಂಪಿನ ಎಷ್ಟೋ ಸ್ತ್ರೀಯರು ನನ್ನಂತೆಯೇ ಗೃಹಿಣಿಯರಾದರು. ಅವರ ಯಶಸ್ಸನ್ನು ಅಳೆಯುವ ಕೋಲು ಆಗಿನವರ ಬಳಿ ಇರಲಿಲ್ಲವೆಂದು ಕಾಣುತ್ತದೆ!)

ಅದೇ ಸ್ಟ್ಯಾನ್‌ಫರ್ಡಿನಲ್ಲಿ ವಾಲ್ಟರ್ ಮಿಶೆಲ್ ಎಂಬುವರು ಪುಟ್ಟ ಮಕ್ಕಳ ಮುಂದೆ ಒಂದು ಸಿಹಿ ಇಟ್ಟು, ಸ್ವಲ್ಪ ಹೊತ್ತು ಕಾದರೆ ಎರಡು ಕೊಡುವೆನೆಂದು ಹೇಳಿ ನಡೆಸಿದ ಪರೀಕ್ಷೆಯನ್ನು ಬಹಳ ಮಂದಿ ಕೇಳಿರುತ್ತೀರಿ. ಕಾದ ಮಕ್ಕಳೇ ಮುಂದೆ ಓದಿನಲ್ಲಿ ಮೇಲಾದರೆಂಬುದು ಜನಜನಿತವಾಯಿತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಪರಿಶೀಲಿಸಿದಾಗ, ಮನೆಯ ಆದಾಯ, ವಾತಾವರಣಗಳನ್ನು ಲೆಕ್ಕಕ್ಕೆ ಹಿಡಿದೊಡನೆ ಆ ಸಂಬಂಧ ಬಹುಮಟ್ಟಿಗೆ ಕರಗಿಹೋಯಿತು. ನನಗೆ ಆಶ್ಚರ್ಯವಾಗಲಿಲ್ಲ. ಆರು ಮಂದಿ ಮಕ್ಕಳಿದ್ದ ನಮ್ಮ ಅವಿಭಕ್ತ ಕುಟುಂಬದಲ್ಲಿ ಕೋಡುಬಳೆಯನ್ನು ಆಮೇಲೆ ತಿನ್ನುವೆನೆಂದು ಇಟ್ಟುಕೊಂಡವರಿಗೆ ತಟ್ಟೆಯಷ್ಟೇ ಉಳಿಯುತ್ತಿತ್ತು! ಹಾಗೆಂದು ಸಂಯಮ ಸುಳ್ಳಲ್ಲ. ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ 1972-73ರಲ್ಲಿ ಜನಿಸಿದ ಸಾವಿರಕ್ಕೂ ಮಿಕ್ಕಿದ ಮಕ್ಕಳ ಅಧ್ಯಯನದಲ್ಲಿ, ಬಾಲ್ಯದಲ್ಲಿ ಸಂಯಮ ಕಡಿಮೆಯಿದ್ದವರಿಗೆ 32ನೆಯ ವಯಸ್ಸಿನಲ್ಲಿ ಹಣಕಾಸಿನ ತೊಂದರೆ ಹೆಚ್ಚಿತ್ತು. ಬುದ್ಧಿಮಟ್ಟವನ್ನೂ ಮನೆಯ ಸ್ಥಿತಿಯನ್ನೂ ಗಣನೆಗೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಅಳಿಯಲಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಮಾತ್ರ ನಮ್ಮ ಮಿಷಿಗನ್ನಿನದೇ ಇಪ್ಸಿಲ್ಯಾಂಟಿ ಪಟ್ಟಣದಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಶಿಶುವಿಹಾರದ ಪ್ರಯೋಗ. ಬುದ್ಧಿಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿದ್ದ, ಬಡ ಆಫ್ರಿಕನ್ ಅಮೆರಿಕನ್ ಮನೆಗಳ 123 ಮಕ್ಕಳಲ್ಲಿ 58 ಮಂದಿಗೆ ಮೂರು ನಾಲ್ಕರ ವಯಸ್ಸಿನಲ್ಲಿ ದಿನವೂ ಬೆಳಿಗ್ಗೆ ಎರಡೂವರೆ ಗಂಟೆ ತರಗತಿ. ವಾರಕ್ಕೊಮ್ಮೆ ಶಿಕ್ಷಕಿ ಮನೆಗೇ ಬಂದು ತಾಯಿಯೊಡನೆ ಕೂರುತ್ತಿದ್ದರು. ಈ ಹೊತ್ತು ಏನು ಮಾಡುವೆ ಎಂದು ಮಗುವೇ ನಿರ್ಧರಿಸಬೇಕು, ಮಾಡಬೇಕು, ಬಳಿಕ ಹೇಗಾಯಿತೆಂದು ಹೇಳಬೇಕು. ಆರಂಭದಲ್ಲಿ ಬುದ್ಧಿಯ ಅಂಕಗಳು ಏರಿದವು. ಪ್ರಾಥಮಿಕ ಶಾಲೆಯ ಕೆಲವೇ ವರ್ಷಗಳಲ್ಲಿ ಆ ಏರಿಕೆ ಮಾಯವಾಯಿತು. ಪ್ರಯೋಗ ವಿಫಲವೆಂದೇ ಎನಿಸಬೇಕು. ಆದರೆ 40ರ ಪ್ರಾಯದಲ್ಲಿ ವಿಚಾರಿಸಿದಾಗ, ವರ್ಷಕ್ಕೆ 20,000 ಡಾಲರಿಗೂ ಮಿಗಿಲಾಗಿ ಗಳಿಸುತ್ತಿದ್ದವರು ಶಿಶುವಿಹಾರಕ್ಕೆ ಹೋದವರಲ್ಲಿ ಶೇಕಡ 60, ಹೋಗದವರಲ್ಲಿ ಶೇಕಡ 40. ಬದಲಾದದ್ದು ಬುದ್ಧಿಯಲ್ಲ, ನಡೆನುಡಿ, ಸ್ವಭಾವ ಎಂದು 2000ದ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಮತ್ತವರ ಸಂಗಡಿಗರು ವಿಶ್ಲೇಷಿಸಿದ್ದಾರೆ. 123 ಮಕ್ಕಳೆಂದರೆ ಸಣ್ಣ ಸಂಖ್ಯೆಯೇ, ಒಪ್ಪುತ್ತೇನೆ.

ನನ್ನ ಮಗ ಹನ್ನೆರಡರಿಂದಲೇ ನೆರೆಮನೆಗಳ ಹಿಮ ಗೋರಿ, ಹುಲ್ಲು ಕತ್ತರಿಸಿ, ಬಂದ ಡಾಲರುಗಳ ಲೆಕ್ಕವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಈಗ ಮನೆಗಳ ಹೀಟರ್ ದುರಸ್ತಿಯ ಸ್ವಂತ ಉದ್ಯೋಗ ಮಾಡುತ್ತಾನೆ. ಕೂಟದಲ್ಲಿ ಯಾರಾದರೂ ಕೇಳಿದರೆ 'ಬಿಸಿನೆಸ್' ಎಂದು ಹೇಳಿ ನಾನು ಮಾತು ಬದಲಿಸುತ್ತಿದ್ದುದೂ ಉಂಟು. ಕಳೆದ ವರ್ಷ ಮನೆ ಕೊಂಡ. ಅಕ್ಕ ಇನ್ನೂ ಓದಿನ ಸಾಲ ತೀರಿಸುತ್ತಿದ್ದಾಳೆ. ಇದನ್ನು ಅವನ ಗೆಲುವೆಂದು ಬರೆಯುತ್ತಿಲ್ಲ. ಮನೆಯ ಮುಂಗಡದಲ್ಲಿ ಅರ್ಧ ಕೊಟ್ಟವರು ಅವನ ತಂದೆ. ಅಂಥ ತಂದೆ ಎಲ್ಲ ಮಕ್ಕಳಿಗೂ ಇರುವುದಿಲ್ಲ.

ಗೃಹಪ್ರವೇಶದ ರಾತ್ರಿ ಪಾತ್ರೆ ಒರೆಸುತ್ತ, ಆ ಸಂಜೆ ನಾನು ಆಡಿದ ಮಾತು ನಿನಗೆ ಕೇಳಿಸಿತ್ತೇನೋ ಎಂದು ಅವನನ್ನು ವಿಚಾರಿಸಿದೆ.

"ಕೇಳಿಸಿತ್ತಮ್ಮ" ಎಂದ. ಇನ್ನೊಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟ.