ಎಲುಬು ಓದುವ ವಿದ್ಯೆ

2010ರ ನವೆಂಬರಿನಲ್ಲಿ ಬೆಳಗಾವಿಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆಯ ದೇಹವನ್ನೇ ಛೇದಿಸಿ ಪಾಠ ಹೇಳಿದರು. ಎರಡು ವರ್ಷ ಹಿಂದೆ ತೀರಿಕೊಂಡಿದ್ದ ಬಸವಣ್ಣೆಪ್ಪನವರು ಹಾಗೇ ಆಗಬೇಕೆಂದು ಮೃತ್ಯುಪತ್ರ ಬರೆದಿಟ್ಟಿದ್ದರು. ಅಂಗೈಯಲ್ಲಿ ಲಿಂಗವಿಟ್ಟು, ಕೂಡಿಸಿ, ವಿಭೂತಿ ಪತ್ರೆಗಳ ನಡುವೆ ಮಣ್ಣು ಕೊಡುವುದೇ ರೂಢಿಯಾದ ಸೀಮೆ ಇದು. ಇಲ್ಲಿ ಆ ನಿರ್ಧಾರ ಸಣ್ಣದಲ್ಲ. ಬೈಲಹೊಂಗಲದ ಡಾ. ರಾಮಣ್ಣವರ ಚಾರಿಟೇಬಲ್ ಟ್ರಸ್ಟ್ ದೇಹದಾನದ ಮಾತನ್ನು ಊರೂರಿಗೆ ಒಯ್ಯುತ್ತ ಬಂದಿದೆ.

ವೈದ್ಯರನ್ನು ತಯಾರು ಮಾಡುವುದಷ್ಟೇ ದೇಹದಾನದ ಫಲವಲ್ಲ. ಸಾವಿರಾರು ವರ್ಷ ಹಿಂದೆ ಸತ್ತವರ ಎಲುಬು ನೋಡಿ ಅವರು ಹೇಗೆ ಬದುಕಿದ್ದರೆಂದು ಹೇಳುವ ವಿದ್ಯೆಯೂ ಹೀಗೆ ಓದಿಗೆ ಸಿಕ್ಕ ದೇಹಗಳ ಮೇಲೆಯೇ ನಿಂತಿದೆ. ಹೆಣ್ಣೋ ಗಂಡೋ, ವಯಸ್ಸೆಷ್ಟು, ಎತ್ತರವೆಷ್ಟು ಎಂಬುದು ಮೊದಲೇ ಗೊತ್ತಿರುವ ದೇಹಗಳನ್ನು ಅಳೆದು ನೋಡಿದ್ದರಿಂದಲೇ ಗೊತ್ತಿಲ್ಲದ ಎಲುಬನ್ನು ಗುರುತಿಸಲು ಸಾಧ್ಯವಾಯಿತು.

ಈ ವಿದ್ಯೆ ನಮಗೇಕೆ ಬೇಕು? ಸವದತ್ತಿಯನ್ನೇ ನೋಡಿ. ಸುಗಂಧವರ್ತಿಯೆಂದು ಹೆಸರಾಗಿದ್ದ ಈ ಊರು ರಟ್ಟರ ರಾಜಧಾನಿ. ಅವರ ಶಾಸನಗಳಲ್ಲಿ ಅರಸರಿದ್ದಾರೆ, ದತ್ತಿ ಬಿಟ್ಟವರಿದ್ದಾರೆ, ಬಿಟ್ಟ ಹೊಲದ ಲೆಕ್ಕವಿದೆ. ಆ ಹೊಲದಲ್ಲಿ ಬಗ್ಗಿ ಕಳೆ ತೆಗೆದವಳ ಹೆಸರು ಯಾವ ಕಲ್ಲಿನಲ್ಲೂ ಸಿಗುವುದಿಲ್ಲ. ಅಕ್ಷರವೇ ಇಲ್ಲದಿದ್ದ ಕಾಲದ ಜನರಂತೂ ಇನ್ನೂ ದೂರ. ಸವದತ್ತಿಯ ನವಿಲುತೀರ್ಥ ದಾಟಿ, ರಾಮದುರ್ಗ ಹಾದು ಮಲಪ್ರಭೆಯ ಜೊತೆ ಕೆಳಗಿಳಿದರೆ ಐಹೊಳೆಯ ಮೇಗುತಿ ಗುಡ್ಡ ಬರುತ್ತದೆ. ಗುಡಿ ನೋಡಲು ಹೋದವರಲ್ಲಿ ಅದರ ಹಿಂದಿನ ಬಯಲಿನ ಕಲ್ಲುಗೋರಿಗಳವರೆಗೆ ನಡೆಯುವವರು ಕಡಿಮೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಆ ಗೋರಿಗಳನ್ನು ಕಟ್ಟಿದವರು ಒಂದಕ್ಷರವನ್ನೂ ಬರೆದಿಟ್ಟು ಹೋಗಲಿಲ್ಲ. ಉತ್ತರ ಕರ್ನಾಟಕದ ಇಂಥ ಗೋರಿಗಳನ್ನು ಊರೂರು ತಿರುಗಿ ದಾಖಲಿಸಿದವರು ಧಾರವಾಡದ ಅ. ಸುಂದರ.

ಎಲುಬು ಓದುವವರು ಮೊದಲು ನೋಡುವುದು ಸೊಂಟದೆಲುಬನ್ನು. ಹೆರಿಗೆಗೆ ತಕ್ಕಂತೆ ಹೆಣ್ಣಿನದು ಅಗಲ, ಅದರ ಹಿಂಬದಿಯ ಕಚ್ಚು ವಿಶಾಲ. ವಯಸ್ಸಿಗೆ ಬೇರೆ ಗುರುತುಗಳಿವೆ. ಬೆಳೆಯುವವರ ಕೈಕಾಲಿನ ಎಲುಬುಗಳ ತುದಿಗಳು ನಡುವಿನ ಭಾಗಕ್ಕೆ ಬೆಸೆದಿರುವುದಿಲ್ಲ. ಹರೆಯದಲ್ಲಿ ಒಂದೊಂದಾಗಿ ಬೆಸೆಯುತ್ತವೆ. ಕೊರಳೆಲುಬಿನ ಎದೆಯ ಕಡೆಯ ತುದಿಯದು ಎಲ್ಲಕ್ಕಿಂತ ತಡ, 20 ದಾಟಿದ ಮೇಲೆ. ತೊಡೆಯೆಲುಬಿನ ಉದ್ದದಿಂದ ಎತ್ತರ ಅಂದಾಜಾಗುತ್ತದೆ. ದಿನವೂ ಕುಕ್ಕರುಗಾಲಲ್ಲಿ ಕೂತು ಒಲೆ ಊದಿದವರ, ಹೊಲದಲ್ಲಿ ಕೂತು ಕೆಲಸ ಮಾಡಿದವರ ಕಣಕಾಲಿನ ಕೀಲಿನಲ್ಲಿ ಸಣ್ಣ ನುಣುಪು ಮುಖವೊಂದು ಮೂಡಿರುತ್ತದೆ. ಹೀಗೆ ದುಡಿಮೆಯೂ ಎಲುಬಿನಲ್ಲಿ ಉಳಿಯುತ್ತದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಹಲ್ಲು. ಮಗುವಿನ ಒಸಡಿನೊಳಗೆ ಹಲ್ಲಿನ ಹೊರಪದರ ಕಟ್ಟಿಕೊಳ್ಳುವ ಕಾಲಕ್ಕೆ ಕಡುಜ್ವರವೋ ಬರಗಾಲದ ಹಸಿವೋ ಬಂದರೆ ಆ ಕಟ್ಟುವಿಕೆ ನಿಲ್ಲುತ್ತದೆ. ಮಗು ಚೇತರಿಸಿಕೊಂಡರೆ ಮತ್ತೆ ಸಾಗುತ್ತದೆ. ನಿಂತ ಜಾಗದಲ್ಲಿ ಅಡ್ಡಗೆರೆ ಉಳಿಯುತ್ತದೆ. ಎಲುಬು ಬದುಕಿನುದ್ದಕ್ಕೂ ಸವೆದು ಹೊಸದಾಗುತ್ತದೆ, ಹಲ್ಲಿನ ಆ ಪದರ ಮತ್ತೆ ಹುಟ್ಟುವುದಿಲ್ಲ. ಹೀಗಾಗಿ ಐವತ್ತು ವರ್ಷ ಬಾಳಿದವರ ಬಾಯಲ್ಲೂ ಮೂರನೆಯ ವಯಸ್ಸಿನ ಸಂಕಟದ ಗೆರೆ ಹಾಗೇ ಇರುತ್ತದೆ. ಉಂಡದ್ದೂ ತಿಳಿಯುತ್ತದೆ. ಜೋಳ, ಸಜ್ಜೆ, ನವಣೆಗಳು ಗಾಳಿಯ ಇಂಗಾಲವನ್ನು ಹೀರುವ ರೀತಿ ಬೇರೆ, ಅಕ್ಕಿ ಗೋದಿಯ ರೀತಿ ಬೇರೆ. ಆ ವ್ಯತ್ಯಾಸ ಉಂಡವರ ಎಲುಬು ಹಲ್ಲುಗಳಲ್ಲಿ ಉಳಿದಿದ್ದು ಪ್ರಯೋಗಾಲಯದಲ್ಲಿ ಕಾಣುತ್ತದೆ.

ಕರ್ನಾಟಕದಲ್ಲಿ ಈ ಓದಿಗೆ ದೊಡ್ಡ ಸಾಮಗ್ರಿ ಸಿಕ್ಕಿದ್ದು ಬ್ರಹ್ಮಗಿರಿ, ಮಸ್ಕಿ, ತೆಕ್ಕಲಕೋಟೆ, ಹಳ್ಳೂರುಗಳಲ್ಲಿ. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯನ್ನು 1963-64ರಲ್ಲಿ, ಹಿರೇಕೆರೂರು ಕಡೆಯ ಹಳ್ಳೂರನ್ನು 1965ರಲ್ಲಿ ಅಗೆಸಿದವರು ಎಂ.ಎಸ್. ನಾಗರಾಜರಾವ್. ತೆಕ್ಕಲಕೋಟೆಯ ಎಲುಬುಗಳನ್ನು ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರ ಪರೀಕ್ಷಿಸಿದರು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ಆ ನೂತನ ಶಿಲಾಯುಗದ ಜನ ದನ ಸಾಕಿದ್ದರು. ಆ ಕಾಲದ ನೆಲೆಗಳಲ್ಲಿ ಹುರಳಿ, ಹೆಸರು, ಕೊರಲೆಯ ಕಾಳು ಸಿಕ್ಕಿವೆ. ತೀರಿಕೊಂಡ ಎಳೆಗೂಸುಗಳನ್ನು ಅವರು ಊರ ಹೊರಗೆ ಒಯ್ಯಲಿಲ್ಲ. ಗಡಿಗೆಯಲ್ಲಿಟ್ಟು ತಾವಿರುವಲ್ಲೇ, ಮನೆಯ ನೆಲದಡಿ ಹೂಳಿದರು. ದವಡೆಯೊಳಗಿನ ಹಲ್ಲಿನ ಮೊಳಕೆ ನೋಡಿ ಇಂಥ ಕೂಸಿನ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಹೇಳಬಹುದು. ಹೆಣ್ಣೋ ಗಂಡೋ ಎಂದು ಮಾತ್ರ ಬರಿಗಣ್ಣಿನಿಂದ ಹೇಳಲಾಗದು, ಆ ಭೇದ ಎಲುಬಿನಲ್ಲಿ ಕಾಣಿಸುವುದು ಮೈನೆರೆದ ಮೇಲೆಯೇ.

ಹಿಂದೆ ಈ ವಿದ್ಯೆ ದಾರಿ ತಪ್ಪಿದ್ದೂ ಉಂಟು. ತಲೆಬುರುಡೆಯ ಉದ್ದ ಅಗಲ ಅಳೆದು ಸತ್ತವರನ್ನು ‘ಜನಾಂಗ’ಗಳಾಗಿ ವಿಂಗಡಿಸುವುದೇ ಬಹುಕಾಲ ಮುಖ್ಯ ಕೆಲಸವಾಗಿತ್ತು. ಬ್ರಹ್ಮಗಿರಿ, ಮಸ್ಕಿಯ ಬುರುಡೆಗಳಿಗೂ ಅದೇ ಆಯಿತು. ಆ ವಿಂಗಡಣೆ ಇಂದು ನಿಲ್ಲುವುದಿಲ್ಲ. ಇವರು ಯಾವ ಕುಲ ಎಂಬುದಕ್ಕಿಂತ ಇವರಿಗೆ ಏನು ನೋವಿತ್ತು, ಏನು ಉಂಡರು, ಎಷ್ಟು ದುಡಿದರು ಎಂಬುದು ನೂರು ಪಾಲು ಬೆಲೆಯುಳ್ಳ ಪ್ರಶ್ನೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸುಭಾಷ್ ವಾಳಿಂಬೆ ಅವರಂಥವರು ಓದನ್ನು ಈ ಕಡೆಗೆ ತಿರುಗಿಸಿದರು.

ಮಣ್ಣಿನ ತೊಂದರೆ ಬೇರೆ. ಬೈಲಹೊಂಗಲದ ಎರಿ ಹೊಲ ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬುತ್ತದೆ. ಒಳಗಿನ ಎಲುಬು ಸರಿದು ಮುರಿಯುತ್ತದೆ. ಕಿತ್ತೂರಿನ ಪಶ್ಚಿಮಕ್ಕೆ ಮಳೆ ಹೆಚ್ಚಾದಂತೆ ಕೆಂಪು ಮಣ್ಣಿನ ಹುಳಿ ಎಲುಬನ್ನೇ ಕರಗಿಸುತ್ತದೆ. ಉಳಿದದ್ದನ್ನು ಈಗ ಜೆಸಿಬಿ ಎತ್ತಿ ಹಾಕುತ್ತಿದೆ. ಹೊಲ ಸಮ ಮಾಡುವಾಗ, ಬುನಾದಿ ತೋಡುವಾಗ ಗಡಿಗೆಯೋ ಎಲುಬೋ ಕಂಡರೆ ಕೆಲಸ ನಿಲ್ಲಿಸಬೇಕು. ಎತ್ತಬಾರದು, ತೊಳೆಯಬಾರದು, ಬಿಸಿಲಿಗೆ ಹರವಬಾರದು. ಸುತ್ತಲಿನ ಮಣ್ಣನ್ನೂ ಮುಟ್ಟದೆ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಮೇಲೆ ಚೀಲ ಹೊದಿಸಬೇಕು. ಎಲುಬು ಹಳೆಯದೋ ಇತ್ತೀಚಿನದೋ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ, ಆದ್ದರಿಂದ ಮೊದಲ ಸುದ್ದಿ ಪೊಲೀಸರಿಗೆ. ಆಮೇಲೆ ತಹಶೀಲ್ದಾರರಿಗೆ, ಜೊತೆಗೆ ಕಿತ್ತೂರಿನ ವಸ್ತುಸಂಗ್ರಹಾಲಯಕ್ಕೋ ಧಾರವಾಡದ ಪುರಾತತ್ವ ಕಚೇರಿಗೋ ಹೇಳಿ ಕಳಿಸಬೇಕು.