ಜುಟ್ಟಿನ ಕೋಳಿ: ಅದರ ಗುಣವೂ ಪಾಲನೆಯೂ

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ, 1927ರಲ್ಲಿ ಕಟ್ಟಲ್ಪಟ್ಟ ರಸೆಲ್ ಮಾರುಕಟ್ಟೆಯ ಆಸುಪಾಸಿನ ಪಕ್ಷಿಯಂಗಡಿಗಳಿಗೆ, ತಲೆಯ ಮೇಲೆ ಸೇವಂತಿಗೆ ಹೂವನ್ನಿಟ್ಟಂತೆ ತೋರುವ ಒಂದು ಜಾತಿಯ ಕೋಳಿಯು ಅಪರೂಪವಾಗಿ ಬರುವುದುಂಟು. ವ್ಯಾಪಾರಿಗಳು ಇದನ್ನು ಪೋಲಿಷ್ ಕ್ಯಾಪ್ ಎನ್ನುವರು. ಹೆಸರನ್ನು ಕೇಳಿ ಇದು ಪೋಲೆಂಡಿನದೆಂದು ಭಾವಿಸಬೇಕಾದುದಿಲ್ಲ. ಈ ತಳಿಯು ರೂಢಿಗೊಂಡುದು ಹಾಲೆಂಡಿನಲ್ಲಿ. ಆ ದೇಶದ 17ನೆಯ ಶತಮಾನದ ಚಿತ್ರಗಳಲ್ಲಿ ಜುಟ್ಟಿನ ಕೋಳಿಗಳನ್ನು ಕಾಣಬಹುದು.

ಕೃಷ್ಣರಾಜಪುರ, ಹೊಸಕೋಟೆಗಳ ಕಡೆಯ ಜಮೀನ್ದಾರರು ಇದರ ಅಂದಕ್ಕೆ ಮನಸೋತು ಒಂದು ಜೊತೆಯನ್ನು ಕೊಂಡೊಯ್ದು ಊರ ಕೋಳಿಗಳೊಡನೆ ತಿಪ್ಪೆಗೆ ಬಿಟ್ಟರೆ, ಹಕ್ಕಿಯೂ ಉಳಿಯದು, ಸಂತತಿಯೂ ಉಳಿಯದು. ಕಾರಣವು ಜುಟ್ಟಿನಲ್ಲಿಯೇ ಇದೆ. ಗರಿಗಳು ಕಣ್ಣಿಗೆ ಅಡ್ಡವಾಗಿರುವುದರಿಂದ ಮೇಲಿನಿಂದೆರಗುವ ಹದ್ದು ಇದಕ್ಕೆ ಕಾಣಿಸದು. ಕಾಳಿಗಾಗಿ ನಡೆಯುವ ಜಗಳದಲ್ಲಿ ಊರ ಹುಂಜಗಳು ಆ ಜುಟ್ಟನ್ನೇ ಕುಕ್ಕಿ ರಕ್ತ ಬರಿಸುತ್ತವೆ. ಮಳೆಯಲ್ಲಿ ನೆನೆದ ಜುಟ್ಟಿನಿಂದ ಕಣ್ಣು ಕೆಡುವುದು, ಹೇನು ಸೇರುವುದು. ಆದುದರಿಂದ ಮೇಲ್ಗಡೆ ತಂತಿಬಲೆಯುಳ್ಳ, ಮಳೆ ಹೊಡೆಯದ ಪ್ರತ್ಯೇಕ ಗೂಡಿನಲ್ಲಿಯೇ ಸಾಕತಕ್ಕದ್ದು. ಕಣ್ಣಿನ ಮುಂದಣ ಗರಿಗಳನ್ನು ಕತ್ತರಿಸಿದರೆ ಅಂದವು ಕೊಂಚ ಕೆಟ್ಟರೂ ಹಕ್ಕಿಯು ನೆಮ್ಮದಿಯಾಗಿರುವುದು.

ಹೇಟೆಯು ಬಿಳಿಯ ಮೊಟ್ಟೆಯನ್ನಿಡುವುದು. ಒಳ್ಳೆಯ ವಂಶದ್ದಾದರೆ ವರ್ಷಕ್ಕೆ 150ರ ಆಸುಪಾಸು ಮೊಟ್ಟೆಗಳನ್ನು ನಿರೀಕ್ಷಿಸಬಹುದು. ಅಂದಕ್ಕಾಗಿಯೇ ಬೆಳೆಸಿದ ವಂಶಗಳಲ್ಲಿ ಇದು ಬಹಳ ಕಡಿಮೆ. ಆದರೆ ಈ ಹೇಟೆಯು ಕಾವಿಗೆ ಕೂರುವುದು ತೀರ ಅಪೂರ್ವ. ನಾಟಿ ಕೋಳಿಯು ಕಾವಿಗೆ ಕುಳಿತಾಗ ಅದರ ಕೆಳಗೆ ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟರೆ 21ನೆಯ ದಿನ ಮರಿಗಳು ಹೊರಬರುವುವು. ಹುಟ್ಟಿದಾಗಲೇ ತಲೆಯ ಮೇಲಣ ಗುಬುಟಿನಿಂದ ಮರಿಯ ಜಾತಿಯನ್ನು ಗುರುತಿಸಬಹುದು. ತಾಯಿಯ ಕೆಲಸಕ್ಕೆ ನಾಟಿ ಹೇಟೆಯೇ ಬೇಕು. ತಂದೆಯಾಗಿ ಮಾತ್ರ ನಾಟಿ ಹುಂಜವನ್ನು ಸೇರಿಸಕೂಡದು. ಬೆರಕೆಯಾದರೆ ಮರಿಗಳಲ್ಲಿ ಆ ತುಂಬಿದ ಜುಟ್ಟು ಇರದು. ಒಡಹುಟ್ಟಿದ ಹಕ್ಕಿಗಳನ್ನೇ ತಲೆತಲಾಂತರ ಕೂಡಿಸಿದರೆ ಮೊಟ್ಟೆಯೂ ಸತ್ತ್ವವೂ ಕುಗ್ಗುವುದರಿಂದ, ಹುಂಜವನ್ನು ಬೇರೆ ಕಡೆಯಿಂದ ತರುವುದು ಲೇಸು.

ಪೇಟೆಯಿಂದ ತಂದ ಹಕ್ಕಿಯನ್ನು ಎರಡು ಮೂರು ವಾರ ದೂರವಿರಿಸದೆ ಗೂಡಿಗೆ ಸೇರಿಸಕೂಡದು. ಕೊಕ್ಕರೆ ರೋಗವು ಹೀಗೆಯೇ ಊರನ್ನು ಹೊಗುವುದು. ಒಬ್ಬರ ಷೋಕಿಯಿಂದ ಕೇರಿಯ ಬಡವರ ಕೋಳಿಗಳೆಲ್ಲವೂ ಸಾಯುವುದುಂಟು. ಇದಕ್ಕೆ ಲಸಿಕೆಯುಂಟು; ಪಶುವೈದ್ಯಶಾಲೆಯಲ್ಲಿ ವಿಚಾರಿಸಿ ಮುಂಚಿತವಾಗಿ ಹಾಕಿಸತಕ್ಕದ್ದು.

ಮೊಟ್ಟೆಯ ಆದಾಯವೊಂದನ್ನೇ ಬಯಸುವವರಿಗೆ, ಹೆಬ್ಬಾಳದಲ್ಲಿ ಸಿದ್ಧಗೊಂಡ ಗಿರಿರಾಜ ತಳಿಯು ಹಿತ್ತಿಲಿಗೆ ಹೆಚ್ಚು ಒಗ್ಗುವುದು.