ನೋವಿಲ್ಲದ ಗಾಯಕ್ಕೆ ಕಣ್ಣೇ ಕಾವಲು

ಮಳೆಗಾಲದ ಸಂಜೆ ತೋಟದಿಂದ ಬಂದವರು ಮೊದಲು ಮಾಡುವ ಕೆಲಸ, ಕಾಲು ತೊಳೆದು ಉಂಬಳ ಹುಡುಕುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಇದನ್ನು ಯಾರಿಗೂ ಕಲಿಸಬೇಕಿಲ್ಲ. ಬೆರಳ ಸಂದಿ, ಹಿಮ್ಮಡಿ, ಮೀನಖಂಡ ಎಲ್ಲ ತಡಕಿ ನೋಡುತ್ತಾರೆ. ಸಕ್ಕರೆ ಕಾಯಿಲೆಯವರು ಇದೇ ಹುಡುಕಾಟವನ್ನು ಬೇಸಿಗೆಯಲ್ಲೂ ಬಿಡದೆ ಮಾಡಿದರೆ ಎಷ್ಟೋ ಕಾಲುಗಳು ಉಳಿದಾವು.

ವರ್ಷಗಟ್ಟಲೆ ಹತೋಟಿಗೆ ಬಾರದ ಸಕ್ಕರೆ ಪಾದದ ನರಗಳನ್ನು ಮಂಕು ಮಾಡುತ್ತದೆ. ಮೊದಮೊದಲು ಜೋಮು, ರಾತ್ರಿ ಹೊತ್ತು ಉರಿ. ಆಮೇಲೆ ಏನೂ ಇಲ್ಲ. ನಡೆಯುತ್ತಿದ್ದಂತೆ ಹವಾಯಿ ಚಪ್ಪಲಿ ಕಳಚಿ ಹಿಂದೆ ಉಳಿದಿರುತ್ತದೆ, ಮುಂದೆ ಹೋದವರಿಗೆ ಅದರ ಅರಿವೇ ಇರುವುದಿಲ್ಲ. ಉರಿ ನಿಂತಿತಲ್ಲ ಎಂದು ಸಮಾಧಾನಪಡುವ ಆ ಹೊತ್ತೇ ನಿಜವಾದ ಅಪಾಯದ ಹೊತ್ತು. ಸೊಪ್ಪಿನ ಬೆಟ್ಟದಲ್ಲಿ ಚುಚ್ಚಿದ ಮುಳ್ಳು, ಬಚ್ಚಲ ಒಲೆಯೆದುರು ಕಾಲು ಕಾಸುವಾಗ ಎದ್ದ ಬೊಬ್ಬೆ, ಮಧ್ಯಾಹ್ನದ ಬಿಸಿಲಿಗೆ ಕಾದ ದೇವಸ್ಥಾನದ ಅಂಗಳದ ಕಲ್ಲು, ಇವು ಯಾವುವೂ ಕೂಗಿ ಹೇಳುವುದಿಲ್ಲ. ಕಾಲುಚೀಲದ ಮೇಲೆ ಕಲೆ ಕಂಡಾಗಲೋ ವಾಸನೆ ಬಂದಾಗಲೋ ಮನೆಯವರಿಗೆ ತಿಳಿಯುತ್ತದೆ.

ಈ ಸತ್ಯವನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಮುಖ್ಯರು. 1946ರಲ್ಲಿ ಅಲ್ಲಿಗೆ ಬಂದ ಅವರು ಕುಷ್ಠರೋಗಿಗಳ ಪಾದಗಳನ್ನು ಪರೀಕ್ಷಿಸಿ, ಕಾಲು ಹಾಳಾಗುವುದು ನೋವು ತಿಳಿಯದೆ ತಗಲುವ ಪೆಟ್ಟು ಮತ್ತು ಒತ್ತಡದಿಂದ ಎಂದು ಕಂಡುಕೊಂಡರು. ಮುಂದೆ ಅಮೆರಿಕದಲ್ಲಿ ಅದೇ ತಿಳಿವಳಿಕೆ ಮಧುಮೇಹಿಗಳ ಪಾದಕ್ಕೂ ಒದಗಿತು. ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್) ರಬ್ಬರಿನ ಚಪ್ಪಲಿಗೂ ವೆಲ್ಲೂರಿನ ನಂಟಿದೆ. ಹಿಮ್ಮಡಿಗೆ ಪಟ್ಟಿ ಇರುವ ಅಂಥ ಚಪ್ಪಲಿ ಒಳ್ಳೆಯದು.

ಗಾಯವಾದರೆ ಮುಖ್ಯ ಚಿಕಿತ್ಸೆ ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ನಮ್ಮಲ್ಲಿ ಹೆಚ್ಚು ಎಡವುವುದು ಇಲ್ಲಿಯೇ. ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಯಾರು ಕಾಲೂರದೆ ಕೂರುತ್ತಾರೆ? ನೋವಿಲ್ಲದ್ದರಿಂದ ನಡೆಯುತ್ತಾರೆ, ಹೆಜ್ಜೆಹೆಜ್ಜೆಗೂ ಹುಣ್ಣು ಆಳಕ್ಕಿಳಿಯುತ್ತದೆ. ಸತ್ತ ಚರ್ಮ ತೆಗೆಯುವುದು, ಸೋಂಕಿಗೆ ಔಷಧ, ರಕ್ತ ಸಂಚಾರದ ತಪಾಸಣೆ, ಸಕ್ಕರೆಯ ಹತೋಟಿ, ಇವೆಲ್ಲ ವೈದ್ಯರ ಕೈಯಲ್ಲೇ ಆಗಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳುವುದು, ಗಾಯಕ್ಕೆ ಸುಣ್ಣ ಹಚ್ಚುವುದು ಖಂಡಿತ ಬೇಡ. ಸುಣ್ಣ ಸುಟ್ಟರೂ ಆ ಪಾದಕ್ಕೆ ತಿಳಿಯದು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಮಧುಮೇಹದಿಂದ ಕಾಲು ಕಳೆದುಕೊಳ್ಳುವ ಬಹುತೇಕರಲ್ಲಿ ಕತೆ ಶುರುವಾಗುವುದು ಒಂದು ಸಣ್ಣ ಹುಣ್ಣಿನಿಂದ. ದೊಡ್ಡ ಚಿಕಿತ್ಸೆಗೆ ನಮ್ಮವರು ಘಟ್ಟ ಇಳಿದು ಮಣಿಪಾಲಕ್ಕೋ, ಬಯಲಿನ ಹುಬ್ಬಳ್ಳಿಗೋ ಹೋಗಬೇಕು. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರ್, ಶಿರಸಿಯಿಂದ ಸುಮಾರು 100. ಹಾಗಾಗಿ ಹುಣ್ಣು ಸಣ್ಣದಿರುವಾಗಲೇ ತಾಲ್ಲೂಕು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಜಾಣತನ.

ಇವತ್ತು ರಾತ್ರಿ ಊಟಕ್ಕೆ ಮುಂಚೆ ಅಪ್ಪಯ್ಯನನ್ನೋ ಅಮ್ಮನನ್ನೋ ಬೆಳಕಿನಲ್ಲಿ ಕೂರಿಸಿ, ಅವರ ಅಂಗಾಲನ್ನು ನೀವೇ ಒಮ್ಮೆ ನೋಡಿ. ಬಗ್ಗಲಾಗದವರಿಗೆ, ಕಣ್ಣು ಮಂಜಾದವರಿಗೆ ತಮ್ಮ ಅಂಗಾಲು ಕಾಣುವುದಿಲ್ಲ.